ಹಲ್ಲಿನ ಬೇರು ತೊಳೆಸಲು ಹೋಗಿ

ಹೋದ ಸಲ ಹುಬ್ಬಳ್ಳಿಯ ದವಾಖಾನೆಯಲ್ಲಿ ನನ್ನ ಬಾಜೂಕ ಕೂತಿದ್ದ ಹೆಣ್ಣುಮಗಳೊಬ್ಬಳು ಗಲ್ಲಕ್ಕೆ ಕರವಸ್ತ್ರ ಒತ್ತಿ ಹಿಡಿದು, "ಬೇರು ತೊಳೀತಾರಂತಲ್ರೀ, ಭಾಳ ಬ್ಯಾನಿ ಆಗ್ತೈತೇನ್ರಿ?" ಎಂದು ಕೇಳಿದಳು. ಇಲ್ಲ ಅಂದರೆ ನನ್ನ ಮಟ್ಟಿಗೆ ಸುಳ್ಳು, ಹೌದು ಅಂದರೆ ಆಕೆ ಎದ್ದು ಹೋಗಿಬಿಡುತ್ತಾಳೆ. "ಬಹಳ ಮಂದಿಗೆ ಏನೂ ಆಗೂದಿಲ್ಲವಾ. ನನಗ ಆಗಿತ್ತು" ಅಂದೆ. "ಏನಾಗಿತ್ರಿ?" ಅನ್ನುವಷ್ಟರಲ್ಲಿ ಅವಳ ಹೆಸರು ಕೂಗಿದರು. ಒಳಗೆ ಹೋಗುವಾಗ ತಿರುಗಿ ನನ್ನ ಕಡೆ ನೋಡಿದಳು. ಆ ನೋಟ ನನ್ನ ಕೂಡ ಊರಿನ ತನಕ ಬಂತು. ಅಂದು ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಗುಡಗೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮುಂದಿನ ಖೋಲಿಯಲ್ಲಿ ಗಿರಣಿ, ಹಿಂದೆ ನಮ್ಮ ಸಂಸಾರ. ನಮ್ಮ ಮನೆಯವರು ಬಸಣ್ಣ, ನನ್ನ ಅತ್ತೆ, ನಾನು. ಮಗಳು ಗದಗಿನಲ್ಲಿ ತನ್ನ ಗಂಡನ ಮನೆಯಲ್ಲಿದ್ದಾಳೆ. ಗಿರಣಿ ತಿರುಗುವಾಗ ನಮ್ಮಲ್ಲಿ ಯಾರೂ ಉದ್ದ ಮಾತಾಡುವುದಿಲ್ಲ. ಜೋಳಾನೋ ಗೋಧೀನೋ, ಸಣ್ಣದೋ ದಪ್ಪೋ, ಈಗೋ ಸಂಜೀಕೋ. ಯಂತ್ರದ ಪಟ್ಟಿಯ ಸಪ್ಪಳದಲ್ಲಿ ಇಷ್ಟೇ ಕೇಳುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಇವರು ನನ್ನ ಮೇಲೆ ಸಿಟ್ಟಾಗಿದ್ದಾರೇನೋ ಅಂತ ನಾನು ಅತ್ತದ್ದುಂಟು. ಆಮೇಲೆ ತಿಳಿಯಿತು, ಇವರು ಗಿರಣಿಯಲ್ಲಿ ಬೆಳೆದವರು, ಇವರ ಬಾಯಿಗೆ ಎರಡು ಶಬ್ದದ ಮೇಲೆ ಮೂರನೆಯದು ಬರುವುದಿಲ್ಲ ಅಂತ.

ಹಲ್ಲು ಮೊದಲು ತಕರಾರು ತೆಗೆದದ್ದು ಮೆಣಸಿನಕಾಯಿ ಬೀಸುವ ದಿನಗಳಲ್ಲಿ. ಮೇಲಿನ ಸಾಲು, ಎಡಗಡೆ, ಕೋರೆಹಲ್ಲಿನ ಪಕ್ಕದ್ದು. ಲವಂಗ ಇಟ್ಟೆ, ಇಂಗು ಇಟ್ಟೆ, ಬಿಸಿ ಉಪ್ಪುನೀರು ಮುಕ್ಕಳಿಸಿದೆ. ಒಸಡಿನ ಮೇಲೆ ಜೋಳದ ಕಾಳಿನಷ್ಟು ಬಾವು ಎದ್ದು, ಒಡೆದು, ಮತ್ತೆ ಎದ್ದಿತು. ಕೀಳಿಸಿಬಿಡೋಣ ಅಂದರೆ ಅತ್ತೆ ಬಿಡಲಿಲ್ಲ.

"ಮ್ಯಾಲಿನ ಹಲ್ಲ ಕೀಳಸಬ್ಯಾಡವಾ. ಅದರ ಬೇರು ಕಣ್ಣಿಗೆ ಹೋಗಿರ್ತಾವು. ಗೌರಕ್ಕ ಕೀಳಿಸಿ ಕಣ್ಣ ಕಳಕೊಂಡ್ಲು, ನೋಡಿಲ್ಲೇನು?"

ಗೌರಕ್ಕನ ಕಣ್ಣು ಹೋದದ್ದು ಪೊರೆ ಬಂದು, ಹಲ್ಲು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಆದರೆ ನೋವಿದ್ದಾಗ ಮನುಷ್ಯ ಎಲ್ಲವನ್ನೂ ಅರ್ಧ ನಂಬುತ್ತಾನೆ. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಊರಿನಲ್ಲಿ ಹಲ್ಲು ಉಳಿಸಿಕೊಡುವ ಡಾಕ್ಟರಬಾಯಿ ಇದ್ದಾಳೆ ಅಂತ ಕೇಳಿ ಅಲ್ಲಿಗೆ ಹೋದೆ. ಊರಿನ ಹೆಸರು ಬೇಡ. ಆಕೆಯನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ.

ಹಲ್ಲಿನ ದವಾಖಾನೆಯ ಹೊರಗಿನ ಖೋಲಿ ಬೇರೆ ದವಾಖಾನೆಯ ಹಾಗಲ್ಲ. ಬೇರೆ ಕಡೆ ಮಂದಿ ಒಬ್ಬರಿಗೊಬ್ಬರು ತಮ್ಮ ಬೇನೆ ಹೇಳಿಕೊಳ್ಳುತ್ತಾರೆ. ಇಲ್ಲಿ ಎಲ್ಲರೂ ಬಾಯಿ ಮುಚ್ಚಿ, ನಾಲಿಗೆಯಿಂದ ತಮ್ಮ ತಮ್ಮ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಕೂತಿರುತ್ತಾರೆ. ಒಳಗಿನಿಂದ ಯಂತ್ರದ ಚೀರುವಿಕೆ ಬಂದಾಗ ಎಲ್ಲರ ನಾಲಿಗೆಯೂ ಒಮ್ಮೆಲೆ ನಿಲ್ಲುತ್ತದೆ. ಟವೆಲಿನಿಂದ ದವಡೆ ಕಟ್ಟಿಕೊಂಡ ಒಬ್ಬ ಮುದುಕ ಮಾತ್ರ ತನ್ನಷ್ಟಕ್ಕೆ ಬೈಯುತ್ತಿದ್ದ. "ನನ್ನ ಬಾಯಾಗ ಇರೂದ ಒಂದು. ಒಂದನ್ನ ನೋಡಾಕ ಇವರಿಗೆ ಎಷ್ಟೊತ್ತು ಬೇಕಪಾ!"

ಮೊದಲ ಸಲ ಏನೂ ತ್ರಾಸಾಗಲಿಲ್ಲ. ಬಾಯಿ ಜೋಮು ಹಿಡಿಸಿದರು, ಹಲ್ಲು ಕೊರೆದರು, ಬಿಳಿ ಮದ್ದು ತುಂಬಿ ಕಳಿಸಿದರು. ಎಷ್ಟೋ ದಿನದ ಮೇಲೆ ಎಡಗಡೆ ಮಗ್ಗುಲಾಗಿ ಮಲಗಿದೆ. ಎರಡನೆಯ ಸಲ ಬೇರು ತೊಳೆಯುತ್ತೇನೆ ಅಂದಿದ್ದಳು ಆಕೆ. ತೊಳೆಯುವುದು ಅಂದರೆ ಎಷ್ಟು ಮೆತ್ತಗಿನ ಮಾತು! ಪಾತ್ರೆ ತೊಳೆಯುತ್ತೇವೆ, ಅಕ್ಕಿ ತೊಳೆಯುತ್ತೇವೆ. ಅಂಥದೇ ಏನೋ ಅಂತ ನಾನು ಒಬ್ಬಳೇ ಹೋದೆ.

ಕಸೂತಿ ಸೂಜಿಗಿಂತ ಸಪೂರ ಕಡ್ಡಿಗಳನ್ನು ಹಲ್ಲಿನೊಳಗೆ ಇಳಿಸಿ ಎಳೆದು ಎಳೆದು ಏನೋ ತೆಗೆದಳು. ಆಮೇಲೆ ಸಿರಿಂಜು ಹಿಡಿದು, "ಈಗ ತೊಳೀತೀನ್ರಿ ಆಂಟಿ, ಸ್ವಲ್ಪ ವಾಸನಿ ಬರ್ತೈತಿ" ಅಂದಳು. ಬಂತು. ಪಂಚಾಯಿತಿಯವರು ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿಯಲ್ಲಿ ಬರುತ್ತದಲ್ಲ, ಅದೇ ವಾಸನೆ. ಅಂಜಿಕೆಯೇ ಆಗಲಿಲ್ಲ, ಪರಿಚಯದ ವಾಸನೆ.

ಆಮೇಲೆ ಗಲ್ಲದೊಳಗೆ ಬೆಂಕಿ ಬಿತ್ತು.

ಬೇರೆ ಮಾತು ನನಗೆ ಗೊತ್ತಿಲ್ಲ. ಜೋಮು ಹಿಡಿಸಿದ ಗಲ್ಲ ಅದು, ಚಿವುಟಿದರೂ ತಿಳಿಯದ ಗಲ್ಲ. ಹಲ್ಲಿನ ಮೇಲುಗಡೆ, ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಕಾದ ಸರಳು ಒಳಗಿನಿಂದ ತೂರಿ ಬಂದ ಹಾಗಾಯಿತು. ನನ್ನ ಬಾಯಲ್ಲಿ ಹತ್ತಿಯ ಉಂಡೆ, ಜೊಲ್ಲು ಎಳೆಯುವ ನಳಿಗೆ, ಆಕೆಯ ಬೆರಳು. ಚೀರಿದೆ. ಹೊರಗೆ ಬಂದದ್ದು ಬರೀ "ಆ". ಆ ಕುರ್ಚಿಯ ಮೇಲೆ ಎಲ್ಲರೂ ಆ ಅನ್ನುತ್ತಾರೆ. ನನ್ನ ಆ ಬೇರೆ ಅಂತ ಆಕೆಗೆ ತಿಳಿಯುವುದಾದರೂ ಹೇಗೆ? "ಆತು ಆಂಟಿ, ಆತು, ಇನ್ನ ಸ್ವಲ್ಪ" ಅನ್ನುತ್ತಿದ್ದಳು. ನಾನು ಆಕೆಯ ಮಣಿಕಟ್ಟು ಹಿಡಿದು ಎಳೆದೆ. ಆಗ ನನ್ನ ಮುಖ ನೋಡಿದಳು. ಆಕೆಯ ಮುಖ ಬಿಳಿಚಿಕೊಂಡದ್ದನ್ನು ನೋಡಿ ನನಗೆ ಗೊತ್ತಾಯಿತು, ಇದು ಎಲ್ಲರಿಗೂ ಆಗುವಂಥದ್ದಲ್ಲ ಅಂತ.

ಹಲ್ಲಿನಿಂದ ರಕ್ತ ಬರತೊಡಗಿತು. ಗಲ್ಲ ನೋಡನೋಡುತ್ತಲೇ ಉಬ್ಬಿತು. ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟು ಬೇಗ. ಎಡಗಣ್ಣಿನ ಕೆಳರೆಪ್ಪೆ ಮೇಲಕ್ಕೆ ಬರುವುದು ನನಗೇ ಕಾಣುತ್ತಿತ್ತು, ಪರದೆ ಏರಿಸಿದ ಹಾಗೆ. ಆಕೆ ಉಪ್ಪುನೀರಿನ ಬಾಟಲಿಯಿಂದ ಮತ್ತೆ ಮತ್ತೆ ತೊಳೆದಳು. ತನ್ನ ಗುರುಗಳಿಗೆ ಫೋನ್ ಹಚ್ಚಿ, ಅವರು ಹೇಳಿದ್ದನ್ನೆಲ್ಲ ಮಾಡಿದಳು. ಇಂಜೆಕ್ಷನ್ ಕೊಟ್ಟಳು. ಹೊರಗೆ ಮಂದಿ ಕಾಯುತ್ತಿದ್ದರೂ ಸ್ಟೂಲು ಎಳೆದುಕೊಂಡು ಕೂತು ತಾನೇ ಗಲ್ಲಕ್ಕೆ ಬರ್ಫು ಹಿಡಿದಳು. ನಮ್ಮ ಮನೆಯವರು ಮೋಟರ್ ಸೈಕಲ್ ತೆಗೆದುಕೊಂಡು ಬರುವವರೆಗೂ ಹಿಡಿದೇ ಇದ್ದಳು. ಅವರು ಬಂದ ಮೇಲೆ ಮುಚ್ಚಿಡದೆ ಹೇಳಿದಳು. "ಸೂಜಿ ಬೇರಿನೊಳಗ ಬಿಗೀ ಕುಂತಬಿಟ್ಟಿತ್ರಿ. ಔಷಧಕ್ಕ ಹಿಂದ ಬರಾಕ ಜಾಗಾ ಸಿಗಲಿಲ್ಲ, ಬೇರಿನ ತುದಿ ದಾಟಿ ಮಾಂಸಕ್ಕ ಹೋತು. ಬಾವು ಇಳೀತೈತ್ರಿ. ಮಾರಿ ಕರ್ರಗಾಗ್ತೈತಿ, ಅಂಜಬ್ಯಾಡ್ರಿ."

ಇವರು ನನ್ನನ್ನು ನೋಡಿದರು. "ನಡಿ" ಅಂದರು. ಇನ್ನೊಂದು ಶಬ್ದ ಹುಡುಕಿದ ಹಾಗೆ ತುಟಿ ಅಲುಗಿತು, ಸಿಗಲಿಲ್ಲ.

ಮುಖದ ಮೇಲೆ ಸೆರಗು ಎಳೆದುಕೊಂಡು ಹಿಂದೆ ಕೂತೆ. ಗಾಳಿ ತಾಗಿದರೂ ಉರಿಯುತ್ತಿತ್ತು, ಅದಕ್ಕೆ. ಸ್ಟೇಷನ್ನಿನ ಹಾದಿಯಲ್ಲಿ ಕೂತವರು, ಸಂತೆ ಮುಗಿಸಿ ಹೊರಟವರು, ಎಲ್ಲರೂ ಕಂಡದ್ದು ಇಷ್ಟು: ಬಸಣ್ಣ ಮುಖ ಗಂಟಿಕ್ಕಿಕೊಂಡು ಗಾಡಿ ಹೊಡೆಯುತ್ತಿದ್ದಾನೆ, ಹಿಂದೆ ಹೆಂಡತಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ.

ಮರುದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಎಡಗಣ್ಣು ಮುಚ್ಚಿಹೋಗಿದೆ. ಕಣ್ಣಿನ ಸುತ್ತ, ಗಲ್ಲದ ಮೇಲೆ, ಮೇಲ್ತುಟಿಯ ತನಕ ಬದನೆಕಾಯಿಯ ಬಣ್ಣ. ಅತ್ತೆ ಹಿಂದೆ ನಿಂತು ನೋಡಿ ಹಣೆ ಬಡಿದುಕೊಂಡರು. "ಕೀಳಿಸಿದ್ರ ಕಣ್ಣಷ್ಟ ಹೋಗ್ತಿತ್ತು. ಉಳಸಾಕ ಹೋಗಿ ಮಾರೀನ ಕಳಕೊಂಡ ಬಂದೆಲ್ಲವ್ವಾ!" ನಗು ಬಂತು. ನಕ್ಕರೆ ನೋವಾಯಿತು. ನಗುವಾಗ ಎಡತುಟಿ ಅಲುಗಲೇ ಇಲ್ಲ ಅನ್ನುವುದನ್ನು ಆಗ ಕಂಡೆ. ಮುಟ್ಟಿದರೆ ಬೇರೆಯವರ ತುಟಿ ಮುಟ್ಟಿದ ಹಾಗೆ.

ಮುಂದಿನದು ನಡೆದದ್ದು ಗಿರಣಿಯಲ್ಲಿ. ನಾನು ಒಳಗೆ ಮಲಗಿದ್ದೆ. ಯಾರೋ, "ಅಕ್ಕಾರು ಎಲ್ಲದಾರ್ರಿ, ನಿನ್ನೆ ಮಾರಿ ಮುಚ್ಚಿಕೊಂಡ ಬಂದ್ರಂತ?" ಎಂದು ಕೂಗಿ ಕೇಳಿದರು. ಗಿರಣಿ ಪೂರಾ ಜೋರಿನಲ್ಲಿ ತಿರುಗುತ್ತಿತ್ತು. ಇವರು ಅದೇ ಜೋರಿನಲ್ಲಿ ಕೂಗಿದರು, "ಬಚ್ಚಲದಾಗ ಬಿದ್ದಾಳ!"

ನನಗೆ ಒಳಗೆ ಕೇಳಿಸಿತು. ಏಳಲು ಆಗಲಿಲ್ಲ. ಅದೇ ಹೊತ್ತಿಗೆ ಹಿತ್ತಲಿನಲ್ಲಿ ಅತ್ತೆ ನೀರಿಗೆ ಬಂದ ಹೆಂಗಸರಿಗೆ, "ಹಲ್ಲ ತೊಳಸಾಕ ಹೋಗಿದ್ಲವಾ, ಔಷಧ ಏರೇತಿ" ಅನ್ನುತ್ತಿದ್ದರು. ಮುಂಬಾಗಿಲಲ್ಲಿ ಒಂದು, ಹಿಂಬಾಗಿಲಲ್ಲಿ ಒಂದು. ಎರಡೂ ಮಾತು ಓಣಿಯ ತಿರುವಿನಲ್ಲಿ ಭೆಟ್ಟಿಯಾದವು. ಆಮೇಲೆ ಮೂರನೆಯ ಮಾತು ತಾನೇ ಹುಟ್ಟಿತು.

ಮಧ್ಯಾಹ್ನ ಗಿರಣಿ ನಿಂತಾಗ ಇವರನ್ನು ಕೇಳಿದೆ. "ಯಾಕ ಹಂಗ ಅಂದ್ರಿ?"

"ಆ ಸಪ್ಪಳದಾಗ ಬೇರು, ಸೂಜಿ, ಔಷಧ ಅಂತ ಎಲ್ಲೀದು ಹೇಳ್ಲಿ? ಸಣ್ಣದು ಹೇಳಿದ್ನಿ."

ಬಚ್ಚಲಲ್ಲಿ ಬಿದ್ದೆ ಅನ್ನುವುದು ನಮ್ಮ ಕಡೆ ಯಾವಾಗ ಹೇಳುವ ಮಾತು ಅಂತ ಪ್ರತಿ ಹೆಂಗಸಿಗೂ ಗೊತ್ತು. ಗಂಡಸು ಇವರೊಬ್ಬರಿಗೇ ಗೊತ್ತಿರಲಿಲ್ಲವೇನೋ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತುವುದಿರಲಿ, ಧ್ವನಿ ಎತ್ತಿದ್ದೂ ಗಿರಣಿ ತಿರುಗುವಾಗ ಮಾತ್ರ.

ನೋಡಲು ಬಂದ ಹೆಂಗಸರ ಮುಂದೆ ಖರೇ ಮಾತು ಹೇಳಿದೆ. ಹಲ್ಲಿನ ಬೇರು ತೊಳೆಯುವ ಔಷಧ, ಸೂಜಿ, ಹಾದಿ ತಪ್ಪಿತು. ಅರ್ಧ ತುಟಿಯಿಂದ ತೊದಲಿ ತೊದಲಿ ಹೇಳುವಾಗ ನನ್ನ ಕಿವಿಗೇ ಅದು ಕಟ್ಟಿದ ಕಥೆಯ ಹಾಗೆ ಕೇಳುತ್ತಿತ್ತು. ಅವರು "ಹೌದಾ ಯವ್ವಾ, ಹೌದಾ" ಅನ್ನುತ್ತಿದ್ದರು, ಮಗುವಿನ ಮಾತಿಗೆ ಅನ್ನುವ ಹಾಗೆ. ಒಬ್ಬಾಕೆ ಏಳುವಾಗ ನನ್ನ ಕೈ ಒತ್ತಿ, "ಮನಿತನದ ಮಾತ ಮನಿಯಾಗ ಇಟ್ಟಿ, ಶ್ಯಾಣ್ಯಾಕಿ ಅದಿ" ಅಂದಳು. ನಾನು ಎಷ್ಟು ಒತ್ತಿ ಹೇಳುತ್ತೇನೋ ಅಷ್ಟು ಗಂಡನನ್ನು ಕಾಯುತ್ತಿದ್ದೇನೆ ಅಂತ ತಿಳಿಯುತ್ತಿದ್ದರು. ಹೇಳದೆ ಸುಮ್ಮನಿದ್ದರೆ ಹೌದು ಅಂತ ಒಪ್ಪಿದ ಹಾಗೆ. ಎರಡರ ನಡುವೆ ಮೂರನೆಯ ಹಾದಿ ನನಗೆ ಕಾಣಲಿಲ್ಲ.

ಬಾಜೂ ಮನೆಯ ರಿಹಾನಾ ಮಾತ್ರ ಏನೂ ಕೇಳಲಿಲ್ಲ. ತನ್ನ ಫ್ರಿಜ್ಜಿನ ಬರ್ಫನ್ನು ಓಢಣಿಯ ತುದಿಯಲ್ಲಿ ಕಟ್ಟಿಕೊಂಡು ಬಂದಳು. ಕರಗಿತು ಅಂದರೆ ಮತ್ತೆ ತಂದಳು. ನನ್ನ ಕಣ್ಣ ಮೇಲೆ ಹಿಡಿದು ಕೂತಾಗ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇವಳಾದರೂ ನಂಬಿದಳು ಅಂದುಕೊಂಡೆ.

ಮರುದಿನ ಇನ್ನೊಬ್ಬಾಕೆ ಬಂದಳು. ನೀಲವ್ವ. ಹಿಂದಿನ ಓಣಿಯವಳು, ನನಗಿಂತ ಬಹಳ ಸಣ್ಣವಳು, ಗಿರಣಿಗೆ ಬಂದರೆ ತಲೆ ಎತ್ತದೆ ಹಿಟ್ಟು ಒಯ್ಯುವವಳು. ಹಿತ್ತಲ ಬಾಗಿಲಿನಿಂದ ಬಂದು, ಅತ್ತೆ ಇಲ್ಲದ್ದು ನೋಡಿ, ನನ್ನ ಹಾಸಿಗೆಯ ಅಂಚಿಗೆ ಕೂತಳು. ನಾನು ಹಲ್ಲಿನ ಕಥೆ ಸುರು ಮಾಡಿದೆ.

"ನನ್ನ ಮುಂದ ಹಲ್ಲಂತ ಹೇಳಬ್ಯಾಡ್ರಿ ಅಕ್ಕಾ" ಅಂದಳು ಮೆಲ್ಲಗೆ. "ನಾನೂ ಎಮ್ಮಿ ಹಾಯ್ತು ಅಂತೀನಿ." ಬಳೆ ಮೇಲಕ್ಕೆ ಸರಿಸಿ ತೋಳು ತೋರಿಸಿದಳು. ಹಳೆಯದು ಹಳದಿಯಾಗಿತ್ತು, ಹೊಸದು ನನ್ನ ಮುಖದ ಬಣ್ಣದ್ದೇ ಇತ್ತು. "ನಿಮಗೂ ಹಿಂಗಂತ ಕೇಳಿದ್ನೆಲ್ರೀ, ಸಿಟ್ಟಾಗಬ್ಯಾಡ್ರಿ, ನಿನ್ನೆ ಒಂದ ದಿನ ನನಗ ನಿದ್ದಿ ಬಂತು."

ನನ್ನ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ಇಲ್ಲವಾ, ನನ್ನದು ಖರೇನೇ ಹಲ್ಲು, ನನ್ನ ಗಂಡ ಅಂಥವನಲ್ಲ ಅನ್ನಬೇಕಿತ್ತು. ಅಂದರೆ ಅವಳು ಮತ್ತೆ ಒಬ್ಬಳೇ ಆಗುತ್ತಿದ್ದಳು. ಅನ್ನದಿದ್ದರೆ, ಆ ಕಡೆ ಖೋಲಿಯಲ್ಲಿ ಹುಬ್ಬಿನ ಮೇಲೆ ಹಿಟ್ಟು ಹೊತ್ತು ನಿಂತ ಮನುಷ್ಯನ ಮಾನ ಹೋಗುತ್ತಿತ್ತು. ಅವಳ ತೋಳಿನ ಮೇಲೆ ನನ್ನ ಕೈಯಲ್ಲಿದ್ದ ಬರ್ಫಿನ ಗಂಟು ಇಟ್ಟೆ. ಕರಗುವ ತನಕ ಇಬ್ಬರೂ ಹಾಗೇ ಕೂತಿದ್ದೆವು.

ಮಾರನೆಯ ದಿನ ದೇವಿಕೊಪ್ಪದಿಂದ ನನ್ನ ತಮ್ಮ ಈರಣ್ಣ ಬಂದ, ಜೊತೆಗೆ ನಮ್ಮ ಕಾಕಾ. ತವರಿನವರು ಕೇಳಲು ಬರುವುದು ಅಂದರೆ ಅದಕ್ಕೊಂದು ರೀತಿ ಇದೆ. ಚಪ್ಪಲಿ ಕಳಚುತ್ತಾರೆ, ಕೂಡ್ರುತ್ತಾರೆ, ಆದರೆ ಮಾತು ಬಗೆಹರಿಯುವ ತನಕ ಆ ಮನೆಯ ನೀರು ಮುಟ್ಟುವುದಿಲ್ಲ. ಅತ್ತೆ ಚಹಾ ಮಾಡಿ ತಂದಿಟ್ಟರು. ಇಬ್ಬರೂ ಕಪ್ಪಿನ ಕಡೆ ನೋಡಲೇ ಇಲ್ಲ. ಮೇಲೆ ಕೆನೆ ಕಟ್ಟತೊಡಗಿತು.

ರಿಹಾನಾ ಬಾಗಿಲಲ್ಲಿ ನಿಂತು, "ನಾನ ಫೋನ್ ಮಾಡಿದ್ನಿ ಅಕ್ಕಾ. ನನಗ ನೋಡಾಕ ಆಗಲಿಲ್ಲ" ಅಂದಳು. ಬರ್ಫು ತಂದ ಕೈ ಅದು, ಏನಂತ ಬೈಯಲಿ?

ಕಾಕಾ ಗಂಟಲು ಸರಿಮಾಡಿಕೊಂಡರು. "ಬಸಣ್ಣ, ನಾವು ಜಗಳಕ್ಕ ಬಂದಿಲ್ಲ. ಏನಾತು ಅಂತ ನೀನ ಹೇಳು."

ಇವರು ಗೋಡೆಗೆ ನಿಂತಿದ್ದರು. ಗಿರಣಿ ಬಂದ್ ಇತ್ತು, ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಸುಮ್ಮನಿತ್ತು. ಒಂದು ಗಂಟೆ ಮಾತಾಡಬಹುದಿತ್ತು. "ನಾ ಬಿದ್ದಾಳಂತ ಹೇಳಿದ್ದು ತಪ್ಪಾತ್ರಿ" ಅಂದರು, ಅಷ್ಟೇ.

ಈರಣ್ಣ ಹಾರಿ ಎದ್ದ. "ಅಂದ್ರ ಬಿದ್ದಿಲ್ಲ! ಒಪ್ಪಿದ್ರಿಲ್ಲ ಮಾಮಾ?"

"ಏ ಈರ್ಯಾ, ಕುಂದರಲೇ" ಅಂದರು ಕಾಕಾ.

"ನನ್ನ ಮಗ ಇರಿವಿ ಸುದ್ದಾ ತುಳಿಯಂವಲ್ಲೋ ಯಪ್ಪಾ!" ಅತ್ತೆ ಕೂಗಿದರು. ಮಗನ ಪರವಾಗಿ ಅತ್ತೆ ಕೂಗಿದರೆ ಅದು ಯಾರ ಲೆಕ್ಕಕ್ಕೆ?

"ಹಲ್ಲಿಂದ ಆಗಿದ್ದೋ" ಅಂದೆ ನಾನು. ತುಟಿ ಮುಚ್ಚಲಿಲ್ಲ, ಜೊಲ್ಲು ಗದ್ದದ ಮೇಲೆ ಇಳಿಯಿತು. ನನಗೆ ಗೊತ್ತಾಗಲಿಲ್ಲ, ಅವನ ಮುಖ ನೋಡಿ ತಿಳಿದು ಒರೆಸಿಕೊಂಡೆ.

"ಹಲ್ಲ ತೊಳದ್ರ ಕಣ್ಣ ಕರ್ರಗಾಗೂದು ನಾ ಹುಟ್ಟಿ ಇವತ್ತ ಕೇಳಾತೀನಿ ಅಕ್ಕಾ. ನಡಿ, ಅರಿವಿ ಕಟ್ಟು. ದೇವಿಕೊಪ್ಪಕ್ಕ ಹೋಗೂಣು."

ಡಾಕ್ಟರಬಾಯಿ ದಿನಾ ಫೋನ್ ಮಾಡುತ್ತಿದ್ದಳು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ತನ್ನ ಗುರುಗಳಿಗೆ ಹೇಳಿಯೂ ಇಟ್ಟಿದ್ದಳು. ನಾನು ಈರಣ್ಣನಿಗೆ ಅಂದೆ, "ಬರ್ತೀನಿ. ಮೊದಲ ಹುಬ್ಬಳ್ಳಿ ದವಾಖಾನಿಗೆ. ನೀನ ಕರಕೊಂಡ ನಡಿ. ಇವರು ಬರೂದು ಬ್ಯಾಡ."

ಇವರು ತಲೆ ಎತ್ತಿ ನೋಡಿದರು. ಗಂಡ ಜೊತೆಗೆ ಬಂದರೆ ಡಾಕ್ಟರು ಅವನ ಮುಖ ನೋಡಿ ಮಾತಾಡಿದರು ಅನ್ನುತ್ತಾನೆ ಈರಣ್ಣ, ಅದಕ್ಕೇ ಹಾಗಂದದ್ದು. ಅದನ್ನು ಅವರಿಗೆ ಹೇಳಲು ಪುರಸತ್ತೂ ಇರಲಿಲ್ಲ, ತುಟಿಯೂ ಇರಲಿಲ್ಲ. ಕಾಕಾರನ್ನು ಊರಿಗೆ ಕಳಿಸಿ, ತಮ್ಮನ ಹಿಂದೆ ಗಂಟು ಹಿಡಿದು ನಾನು ಹೊರಟಾಗ ಓಣಿಯ ಬಾಗಿಲುಗಳಲ್ಲೆಲ್ಲ ಮುಖಗಳಿದ್ದವು. ಅವರಿಗೆ ಬೇಕಿದ್ದ ಕಥೆ ನಾನೇ ಪೂರ್ತಿ ಮಾಡಿ ಕೊಟ್ಟ ಹಾಗಾಯಿತು. ಇವರು ಗಿರಣಿಯ ಬಾಗಿಲಲ್ಲಿ ನಿಂತೇ ಇದ್ದರು.

ಹುಬ್ಬಳ್ಳಿಯಲ್ಲಿ ಉದ್ದನೆಯ ಪಡಸಾಲೆ, ಉದ್ದನೆಯ ಬೆಂಚು. ಬಿಳಿ ಅಂಗಿಯ ಕಲಿಯುವ ಹುಡುಗಿಯರು ಹೋಗುತ್ತ ಬರುತ್ತ ನನ್ನ ಮುಖ ನೋಡಿ, ಆಮೇಲೆ ಪಕ್ಕದಲ್ಲಿದ್ದ ಈರಣ್ಣನನ್ನು ಕೆಟ್ಟ ಕಣ್ಣಿನಿಂದ ನೋಡುತ್ತಿದ್ದರು. ಅವನೇ ಗಂಡ ಅಂದುಕೊಂಡರು ಅಂತ ಕಾಣುತ್ತದೆ. ಅವನು ಮೊದಲು ಎದೆ ಸೆಟೆಸಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಬೆಂಚಿನ ಆ ತುದಿಗೆ ಸರಿದ. ಇನ್ನೂ ಸ್ವಲ್ಪ ಹೊತ್ತಿಗೆ, ಯಾರೂ ಕೇಳದೆಯೇ ಒಬ್ಬಾಕೆಗೆ, "ನಾನು ತಮ್ಮ ರೀ" ಅಂದ.

ಒಳಗೆ ಹಿರಿಯ ಡಾಕ್ಟರು ದೀಪ ಎಳೆದು ನನ್ನ ಮುಖದ ಹತ್ತಿರ ಬಗ್ಗಿದರು. ಡಾಕ್ಟರಬಾಯಿ ಕಳಿಸಿದವರು ಅಂತ ನಾವು ಇನ್ನೂ ಹೇಳಿರಲಿಲ್ಲ, ಬಾಯಿ ತೆರೆದಿರಲೂ ಇಲ್ಲ. ಅವರು ಗಲ್ಲ ಮುಟ್ಟಿ, "ಬೇರು ತೊಳಿಯೂ ಮುಂದ ಆಗಿದ್ದೇನ್ರಿ ಇದು? ಔಷಧ ದಾಟಿ ಹೋಗೇತಿ" ಅಂದರು.

ನನಗೆ ಅಳು ಬಂತು. ಬೇನೆಗಲ್ಲ. ಇಷ್ಟು ದಿನಕ್ಕೆ ಒಬ್ಬರು ನಾನು ಹೇಳುವ ಮೊದಲೇ ನನ್ನ ಮಾತು ಹೇಳಿದರು.

"ಹಲ್ಲಿಂದ ಹಿಂಗ ಆಗ್ತೈತೇನ್ರಿ ಸರ?" ಈರಣ್ಣನ ಧ್ವನಿ ಇಳಿದಿತ್ತು.

"ಅಪರೂಪಕ್ಕ ಆಗ್ತೈತಿ. ಬಣ್ಣ ಹೋಗ್ತೈತಿ. ತುಟಿದು ಮಾತ್ರ ಕಾದು ನೋಡಬೇಕು. ಮುಟ್ಟಿದ್ದು ತಿಳಿಯೂದು ತಿರುಗಿ ಬರಬಹುದು, ಪೂರಾ ಬರದೇನೂ ಇರಬಹುದು. ಸುಳ್ಳು ಧೈರ್ಯ ಹೇಳೂದಿಲ್ಲ ನಾನು."

ಈರಣ್ಣ ಹೊರಗೆ ಬಂದು ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೇ ಕೂತ. "ಚಹಾ ಚೆಲ್ಲಿಬಿಟ್ರೇನ ಅಲ್ಲಿ?" ಅಂದ. ಮನೆಯಲ್ಲಿ ಮುಟ್ಟದೆ ಬಿಟ್ಟು ಬಂದ ಚಹಾದ ಮಾತು. ಮಾಮಾನ ಮುಂದೆ ಮುಖ ಹ್ಯಾಗೆ ತೋರಿಸಲಿ ಅನ್ನುವುದನ್ನು ಅವನು ಹಾಗೆ ಕೇಳಿದ.

ಸಂಜೆ ದೇವಿಕೊಪ್ಪಕ್ಕೆ ಹೋಗಲಿಲ್ಲ, ಗುಡಗೇರಿಗೇ ಬಂದೆವು. ಗಿರಣಿಯಲ್ಲಿ ಮಂದಿ ತುಂಬಿದ್ದರು. ಈರಣ್ಣ ನೇರ ಒಳಗೆ ಹೋಗಿ ತಾನೇ ಗುಂಡಿ ಒತ್ತಿ ಗಿರಣಿ ಬಂದ್ ಮಾಡಿದ. ಪಟ್ಟಿ ಸುತ್ತಿ ಸುತ್ತಿ ನಿಂತಿತು. ಇವರು ಇನ್ನೇನು ಹೊಡೆತ ಬೀಳುತ್ತದೋ ಅನ್ನುವ ಹಾಗೆ ನಿಂತಿದ್ದರು.

"ಎಲ್ಲಾರೂ ಕೇಳ್ರಿ ಇಲ್ಲೆ" ಅಂತ ಈರಣ್ಣ ಸುರು ಮಾಡಿದ. "ನಮ್ಮಕ್ಕಗ ಆಗಿದ್ದು ಹಲ್ಲಿಂದ. ದೊಡ್ಡ ಡಾಕ್ಟರು ನನ್ನ ಮುಂದ ಹೇಳ್ಯಾರ. ಸೂಜಿ ಬೇರಿನಾಗ ಸಿಕ್ಕೊಂಡ್ರ ಔಷಧ ಹಿಂದ ಬರೂದಿಲ್ಲ, ಮುಂದ ಚಿಮ್ಮತೈತಿ. ಬೆಳಿಗೆ ಎಣ್ಣಿ ಹೊಡಿಯೂ ಪಂಪಿನ ಬಾಯಿ ಒತ್ತಿ ಹಿಡದ್ರ ಹೆಂಗ, ಹಂಗ. ನಮ್ಮ ಮಾಮಾನ ಬಗ್ಗೆ ಯಾರರ ಏನರ ಅಂದ್ರ ನನ್ನ ಮುಂದ ಅನ್ರಿ." ಇಷ್ಟು ಹೇಳಿ, ಇವರ ಕಾಲು ಮುಟ್ಟಲು ಬಗ್ಗಿದ. ಇವರು ಹಿಂದೆ ಸರಿದು, "ಹಿಟ್ಟ ಹತ್ತೈತಿ, ಬಿಡು" ಅಂದರು.

ಮಂದಿ ಮಾತು ಒಂದು ಕ್ಷಣದಲ್ಲಿ ತಿರುಗಿತು. "ನಾ ಮೊದಲ ಅಂದಿದ್ನಿಲ್ಲ?" ಅಂದವರೇ ಬಹಳ. ನಾನು ಎಷ್ಟು ಸಲ ಹೇಳಿದ್ದೆನೋ ಅದೇ ಮಾತು. ತಮ್ಮ ಹೇಳಿದ, ನಿಂತಿತು. ಆ ಗದ್ದಲದಲ್ಲಿ ಬಾಗಿಲ ಹತ್ತಿರ ನೀಲವ್ವ ಕಂಡಳು. ನನ್ನ ಕಡೆ ನೋಡಲಿಲ್ಲ. ಬೀಸದೆ ಇದ್ದ ಜೋಳದ ಡಬ್ಬಿಯನ್ನು ಮತ್ತೆ ತಲೆಯ ಮೇಲೆ ಇಟ್ಟುಕೊಂಡು ಹೋದಳು.

ಬಾವು ಇಳಿಯಿತು. ಬದನೆಯ ಬಣ್ಣ ಹಸಿರಾಗಿ, ಹಳದಿಯಾಗಿ, ಕುತ್ತಿಗೆಯ ತನಕ ಇಳಿದು ಹೋಯಿತು. ಹಲ್ಲು ಮಾತ್ರ ಅರ್ಧಕ್ಕೆ ನಿಂತಿತ್ತು. ಬೇರನ್ನು ಮತ್ತೊಮ್ಮೆ ತೊಳೆಯಲೇಬೇಕು ಅಂದರು ಹುಬ್ಬಳ್ಳಿಯ ಡಾಕ್ಟರು. ಆ ಮಾತು ಕೇಳಿ ಬಂದ ಮೇಲೆ ನಲ್ಲಿಯಲ್ಲಿ ಬ್ಲೀಚಿಂಗ್ ವಾಸನೆ ಬಂದರೂ ಸಾಕು, ನನ್ನ ಕೈಯಿಂದ ಬಿಂದಿಗೆ ಜಾರುತ್ತಿತ್ತು. ಕೀಳಿಸಿಬಿಡುತ್ತೇನೆ ಅಂದೆ. ಈ ಸಲ ಅತ್ತೆಯೂ ಬೇಡ ಅನ್ನಲಿಲ್ಲ. ಇವರು ಅಂದರು, "ನಾ ಬರ್ತೀನಿ." ಎರಡೇ ಶಬ್ದ. ಗಿರಣಿಗೆ ಕೀಲಿ ಹಾಕಿ ಬಂದರು.

ಡಾಕ್ಟರು ಮೊದಲು ಸೂಜಿ ನನ್ನ ಕೈಗೇ ಕೊಟ್ಟರು. ಅದರ ತುದಿ ಮುಚ್ಚಿತ್ತು, ತೂತು ಪಕ್ಕದಲ್ಲಿತ್ತು. "ಇದು ಮುಂದ ಚಿಮ್ಮೂದಿಲ್ರಿ, ಬಾಜೂಕ ಬರ್ತೈತಿ. ತುದಿತನಕ ಇಳಿಸೂದೂ ಇಲ್ಲ, ಬಿಗಿ ಮಾಡೂದೂ ಇಲ್ಲ. ಔಷಧ ಬ್ಯಾರೆ, ಸೌಮ್ಯದ್ದು. ನೀವು ಎಡಗೈ ಎತ್ರಿ, ನಾ ನಿಲ್ಲಸ್ತೀನಿ. ಯಾಕ ಅಂತ ಕೇಳೂದಿಲ್ಲ." ಆಮೇಲೆ ಬೇರಿನೊಳಗಿನ ಔಷಧವನ್ನು ಅಲುಗಿಸುವ ಸಣ್ಣ ಕಡ್ಡಿಯೊಂದನ್ನು ನನ್ನ ಉಗುರಿನ ಮೇಲೆ ಇಟ್ಟು ಚಾಲೂ ಮಾಡಿ ತೋರಿಸಿದರು. ಗುಂಯ್ ಅಂತ ನಡುಗಿತು, ಅಷ್ಟೇ.

ಗೊತ್ತಿದ್ದೂ ಬಾಯಿ ತೆರೆಯಲು ಆಗಲಿಲ್ಲ. ದವಡೆ ತಾನೇ ಕಚ್ಚಿಕೊಂಡಿತು. ಇವರು ಕುರ್ಚಿಯ ಕಾಲ ಕಡೆ ನಿಂತು ನನ್ನ ಹೆಬ್ಬೆರಳು ಹಿಡಿದುಕೊಂಡರು. ಕೈ ಹಿಡಿಯಲು ಡಾಕ್ಟರು ಅಡ್ಡ ಇದ್ದರು, ಅದಕ್ಕೆ ಕಾಲು. ಮೊದಲ ಹನಿ ಒಳಗೆ ಹೋದ ಕೂಡಲೇ ನನ್ನ ಕೈ ಎದ್ದಿತು. ಉರಿದಿರಲಿಲ್ಲ. ಡಾಕ್ಟರು ನಿಲ್ಲಿಸಿದರು. ಮತ್ತೆ ಸುರು, ಮತ್ತೆ ಕೈ, ಮತ್ತೆ ನಿಲ್ಲಿಸಿದರು. ಒಂದು ಸಲ ಬೇಕಂತಲೇ ಎತ್ತಿದೆ, ಖರೇನೇ ನಿಲ್ಲಿಸುತ್ತಾರೋ ನೋಡಲು. ನಿಲ್ಲಿಸಿದರು. ಯಾಕೆ ಅಂತ ಕೇಳಲಿಲ್ಲ. ಆಮೇಲೆ ನನ್ನ ಕೈ ಮಡಿಲಲ್ಲೇ ಉಳಿಯಿತು. ನೀವು ಯಾರಾದರೂ ಆ ಕುರ್ಚಿಗೆ ಹೋಗುವುದಿದ್ದರೆ ಇದೊಂದನ್ನು ಮೊದಲು ಕೇಳಿಕೊಳ್ಳಿರಿ: ನಾನು ಕೈ ಎತ್ತಿದರೆ ನಿಲ್ಲಿಸುತ್ತೀರೇನು? ಬಾಯಿ ಅವರ ಕೈಯಲ್ಲಿರುವಾಗ ನಮಗೆ ಉಳಿಯುವುದು ಅಷ್ಟೇ.

ಹಲ್ಲು ತುಂಬಿಸಿಕೊಂಡೆ, ಮೇಲೆ ಟೊಪ್ಪಿಗೆ ಹಾಕಿಸಿಕೊಂಡೆ. ರೊಟ್ಟಿ ತಿನ್ನುತ್ತೇನೆ. ತುಟಿಯ ಎಡಗಡೆಗೆ ಸ್ಪರ್ಶ ಪೂರ್ತಿ ತಿರುಗಿ ಬಂದಿಲ್ಲ. ಊಟವಾದ ಮೇಲೆ ಅನ್ನದ ಅಗುಳು ಅಂಟಿದ್ದರೆ ಅತ್ತೆ ಸನ್ನೆ ಮಾಡುತ್ತಾರೆ, ಒರೆಸಿಕೊಳ್ಳುತ್ತೇನೆ. ರೂಢಿಯಾಗಿದೆ.

ನೀಲವ್ವ ಬಹಳ ದಿನ ಬರಲಿಲ್ಲ. ಅವಳ ಮನೆಯ ಜೋಳವನ್ನು ಬೇರೆ ಯಾರೋ ತರುತ್ತಿದ್ದರು. ಅವಳ ಮನೆಯ ತನಕ ಎರಡು ಸಲ ಹೋಗಿ, ಅಂಗಳದಲ್ಲಿ ಅವಳ ಗಂಡ ಎಮ್ಮೆ ಮೈ ತೊಳೆಯುವುದನ್ನು ನೋಡಿ, ತಿರುಗಿ ಬಂದೆ. ಮೊನ್ನೆ ಅವಳೇ ಬಂದಳು. ಗಿರಣಿ ತಿರುಗುತ್ತಿತ್ತು. ಡಬ್ಬಿ ಇಳಿಸಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

"ಖರೇನ ಹಲ್ಲಂತಲ್ರೀ ಅಕ್ಕಾ."

"ಹೌದವಾ."

"ಅವತ್ತ ಯಾಕ ಹೇಳಲಿಲ್ರಿ?"

ಅವಳೇ ಮತ್ತೆ, "ಚಲೋ ಆತು ಬಿಡ್ರಿ. ನಿಮ್ಮವರು ಚಲೋ ಮನಷ್ಯಾ" ಅಂದಳು. ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. "ಎಲ್ಲಾ ಹೋಗೇತಿ. ಗುರುತ ಸುದ್ದಾ ಇಲ್ಲ."

"ತುಟಿ ಇನ್ನೂ ಜೋಮು ಐತಿ. ಮುಟ್ಟಿದ್ರ ತಿಳಿಯೂದಿಲ್ಲ."

"ಮುಟ್ಟಿದ್ರೂ ತಿಳಿಯೂದಿಲ್ಲ?"

"ಇಲ್ಲ."

ಅವಳು ಬೆರಳು ಚಾಚಿ ನನ್ನ ತುಟಿಯ ಆ ಮೂಲೆಯನ್ನು ಮುಟ್ಟಿದಳು. ಮುಟ್ಟಿದ್ದು ನನಗೆ ಕಂಡಿತು, ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬೆರಳು ಅಲ್ಲೇ ಇಟ್ಟುಕೊಂಡು ನಿಂತಳು.

"ಚಲೋ ಐತ್ರಿ" ಅಂದಳು.

ಅವಳ ಪಾಳಿ ಬಂದಿತ್ತು. ಇವರು ಡಬ್ಬಿ ಎತ್ತಲು ಕೈ ಚಾಚಿದರು. ನಾನು ಅದನ್ನು ಎಳೆದು ಎಲ್ಲರ ಡಬ್ಬಿಗಳ ಹಿಂದೆ, ಗೋಡೆಯ ಮೂಲೆಗೆ ಇಟ್ಟೆ. ಇವರು ಯಾಕೆ ಅನ್ನುವ ಹಾಗೆ ಹುಬ್ಬು ಎತ್ತಿ ನೋಡಿದರು. ಎಲ್ಲರದೂ ಬೀಸಿ ಮುಗಿಯುವ ತನಕ ಅವಳು ಇನ್ನು ಇಲ್ಲೇ ಇರಬಹುದಿತ್ತು. ಜೋಳದ ಚೀಲ ಸರಿಸಿ ನೀಲವ್ವನಿಗೆ ಕೂಡ್ರಲು ಜಾಗ ಮಾಡಿದೆ.